ಎಕುವಾಳ ಹಾಯಿ

ಉಪಗ್ರಹಕ್ಕೆ ನಾಮಕರಣ ಬೇಡ ಎಂದು ನಾನು ಮೊದಲೇ ಬಡಕೊಂಡೆ. ಯಾರು ಕೇಳುತ್ತಾರೆ? ಬ್ರೆಡ್ಡಿನ ಡಬ್ಬಿಯಷ್ಟಿದ್ದ ಅದು ರಾಕೆಟ್ಟಿನಿಂದ ಕಳಚಿಕೊಂಡದ್ದು ಬುಧವಾರ. ಬುಧವಾರ ಹುಟ್ಟಿದ ಹೆಣ್ಣು ನಮ್ಮ ಕೇಪ್ ಕೋಸ್ಟಿನಲ್ಲಿ ಎಕುವಾ. ಎಂಟನೆಯ ದಿನ ಪದ್ಧತಿಯಂತೆ ನಾಮಕರಣಕ್ಕೆಂದು ಪ್ರಯೋಗಶಾಲೆಯಲ್ಲಿ ಹಿರಿಯಳೆಂದು ನನ್ನನ್ನೇ ಹಿಡಿದು ಕೂರಿಸಿದರು. ಎಕುವಾಳ ತದ್ರೂಪಿ ಮಾದರಿಯೊಂದು ಮೇಜಿನ ಮೇಲಿತ್ತು. ಅದರ ನೆತ್ತಿಗೆ ಒಂದು ಹನಿ ನೀರು, ಒಂದು ಹನಿ ಜಿನ್ನು ಮುಟ್ಟಿಸಿ, "ನೀರು ಅಂದ್ರೆ ನೀರೇ ಅನ್ನು, ಜಿನ್ನು ಅಂದ್ರೆ ಜಿನ್ನೇ ಅನ್ನು" ಎಂದು ಮಗುವಿಗೆ ಹೇಳುವ ಮಾತನ್ನೇ ಆ ತಗಡಿಗೂ ಹೇಳಿದೆ. ಉಳಿದ ಜಿನ್ನು ಏನಾಯಿತೆಂದು ಕೇಳಬೇಡಿ.

ನನ್ನ ಸಿಟ್ಟಿಗೆ ಕಾರಣವಿತ್ತು. ಎಕುವಾಳನ್ನು ಮೇಲೆ ಕಳಿಸಿದ್ದೇ ಬೀಳುವುದಕ್ಕೆ. ಕೆಲಸ ಮುಗಿದ ಉಪಗ್ರಹಗಳು ಬಾನಿನಲ್ಲಿ ಕಸವಾಗಿ ಸುತ್ತುತ್ತಲೇ ಇರುತ್ತವೆ. ಅಂಥದ್ದು ತೆಳ್ಳನೆಯ ಹಾಯಿಯೊಂದನ್ನು ಬಿಚ್ಚಿಕೊಂಡರೆ, ಅಲ್ಲಿರುವ ಚೂರುಪಾರು ಗಾಳಿಯೇ ಅದನ್ನು ತಡೆದು ತಡೆದು ಕೆಳಗಿಳಿಸಿ ಸುಟ್ಟುಬಿಡುತ್ತದೆ. ಸಾಯಲು ಹೋದವಳಿಗೆ ಹೆಸರೇಕೆ? ಹೆಸರಿಟ್ಟರೆ ಮಾಯೆ ಅಂಟುತ್ತದೆ.

ಆ ಹಾಯಿ ಅಜೋವಾಳದು. ಪಕ್ಕದೂರು ಎಲ್ಮಿನಾದ ಹುಡುಗಿ, ಮಹಾ ಹಟಮಾರಿ. ಮಡಚುವುದು, ಹರಿಯುವುದು, ಮತ್ತೆ ಮಡಚುವುದು, ಇದರಲ್ಲೇ ಅವಳ ಹರೆಯದ ಅರ್ಧ ಕಳೆದಿತ್ತು. ಹಾಯಿ ಬಿಚ್ಚಿಕೊಂಡರೆ ನಮ್ಮ ಉಪಗ್ರಹಗಳಿಗೆಲ್ಲ ಅದನ್ನೇ ಕಟ್ಟುತ್ತೇವೆ ಎಂದು ಹೊರದೇಶದ ಕಂಪನಿಯೊಂದು ಮಾತು ಕೊಟ್ಟಿತ್ತು. ಬಿಚ್ಚದಿದ್ದರೆ ಅವಳ ದುಡಿಮೆಯೆಲ್ಲ ನೀರುಪಾಲು.

ಆಜ್ಞೆ ಕಳಿಸಿದೆವು. "ತೆರೆಯಿತು" ಎಂದು ಎಕುವಾ ಉತ್ತರ ಕೊಟ್ಟಳು. ನಮ್ಮ ನಿರ್ದೇಶಕ ಡಾಕ್ಟರ್ ಬೋಟ್ವೆ ಕುಣಿದಾಡಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ಅವನದು. ಅವತ್ತೇ ಬ್ಯಾನರ್ ಬರೆಸಿದ.

ವಾರ ಕಳೆಯಿತು. ಅಜೋವಾ ಮಾತ್ರ ಮುಖ ಬಾಡಿಸಿಕೊಂಡೇ ಇದ್ದಳು. ಕಂಪನಿಯವರು ವಿಡಿಯೋದಲ್ಲಿ ಬರುವ ದಿನ ಬೆಳಗ್ಗೆ ಬಾಯಿಬಿಟ್ಟಳು.

"ಅರಾಬಾ ಆಂಟಿ, ಕೆಳಗಿಳಿದ್ರೆ ಓಟ ಜೋರಾಗ್ಬೇಕು. ದಿನಾ ನಮ್ಮ ತಲೆ ಮೇಲೆ ಸ್ವಲ್ಪ ಬೇಗ ಬರ್ಬೇಕಿತ್ತು ಅವಳು."

"ಗೊತ್ತು ಕಣೇ. ಹೇಳಿದ ಹೊತ್ತಿಗೆ ಸರಿಯಾಗಿ ಬರ್ತಿದಾಳೆ. ಈ ಊರಿನೋಳು ಹೊತ್ತಿಗೆ ಸರಿಯಾಗಿ ಬರ್ತಾಳೆ ಅಂದಾಗ್ಲೇ ನಂಗೆ ಅನುಮಾನ ಬಂತು."

ಬೋಟ್ವೆ ಕೇಳಿಸಿಕೊಂಡ. "ಅಕ್ಕಾ, ನಿಮ್ಮ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ? ತೆರೆಯಿತು ಅಂತ ಉಪಗ್ರಹವೇ ಹೇಳ್ತಿದೆ. ನಾವೇನು ಸುಳ್ಳು ಹೇಳ್ತಿಲ್ವಲ್ಲ. ಮೊದ್ಲು ಸಹಿ ಆಗ್ಲಿ, ಆಮೇಲೆ ನೋಡ್ಕೊಳ್ಳೋಣ."

ಅಜೋವಾ ಮಾದರಿಯತ್ತ ನೋಡುತ್ತ ನಿಂತಳು. "ತೆರೆದಿರೋದು ಹಾಯಿ ಮುಂದಿನ ಬಾಗಿಲು ಅಷ್ಟೇ, ಡಾಕ್ಟ್ರೇ. ತೆರೆಯಿತು ಅಂತ ಹೇಳೋ ಸ್ವಿಚ್ಚನ್ನ ನಾನೇ ಬಾಗಿಲಿಗೆ ಇಟ್ಟೆ, ಹಾಯಿಗಿಡಬೇಕಿತ್ತು. ನೀರನ್ನ ನೀರು ಅನ್ನು ಅಂತ ಅವಳಿಗೆ ಹೇಳ್ಬಿಟ್ಟು ನಾವೇ ಜಿನ್ನು ಅನ್ನೋದಾ?"

ಬೋಟ್ವೆಯ ಮುಖ ಹುಳ್ಳಗಾಯಿತು. ನಾಮಕರಣದ ಆ ಮಾತು ನಮ್ಮಲ್ಲಿ ಆಣೆಯಿದ್ದಂತೆ. ಅವಳು ಕಂಪನಿಯವರ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದಳು. "ಬಿಚ್ಚಿಕೊಂಡಾಗ ತಿಳಿಸಿ" ಎಂದು ಅವರು ಪರದೆ ಆರಿಸಿದರು. ನನಗೆ ಮರುಕ, ಜೊತೆಗೆ ಎಂಥದೋ ಹೆಮ್ಮೆ.

ಅಳುತ್ತ ಕೂರುವ ಹುಡುಗಿಯಲ್ಲ ಅದು. ಬಾನಿನ ಚಳಿಗೆ ಹಾಯಿ ಸೆಟೆದುಕೊಂಡಿರಬಹುದೇ ಎಂದು ನೋಡಲು ಮಾದರಿಯನ್ನು ಎತ್ತಿಕೊಂಡು ಹೋಗಿ ಕ್ಯಾಂಟೀನಿನ ಮೀನಿನ ಫ್ರೀಜರಿನಲ್ಲಿ ಇಟ್ಟಳು. ಕ್ಯಾಂಟೀನಿನ ಹೆಂಗಸು, "ನಿಮ್ ರಾಕೆಟ್ಟಿಗೆ ಜಾಗ ಮಾಡೋಕೆ ನನ್ ಮೀನು ಬಿಸಿಲಲ್ಲಿ ಕೊಳೀಬೇಕಾ?" ಎಂದು ಊರೆಲ್ಲ ಕೇಳುವಂತೆ ಬೈದಳು. ಚಳಿ ಹಿಡಿದ ಮಾದರಿಯ ಬಾಗಿಲು ತೆರೆಯಿತು, ಹಾಯಿ ಮಾತ್ರ ಮುದುಡಿಕೊಂಡೇ ಇತ್ತು. ಅಂಗಳದ ಬಿಸಿಲಿಗಿಟ್ಟೆವು. ನೋಡುನೋಡುತ್ತಿದ್ದಂತೆ ಪಟಕ್ಕನೆ ಬಿಚ್ಚಿಕೊಂಡು ಬೋಟ್ವೆಯ ಕನ್ನಡಕಕ್ಕೆ ಬಡಿಯಿತು. ಅವನೂ ನಕ್ಕ.

ಎಕುವಾಳ ಹಾಯಿಯ ಬಾಗಿಲು ನೆರಳಿಗೆ ಮುಖ ಮಾಡಿತ್ತು. ತಿರುಗಿ ಸೂರ್ಯನಿಗೆ ಅದನ್ನು ಒಡ್ಡು ಎಂದು ಆಜ್ಞೆ ಕಳಿಸಿದೆವು. ಆಮೇಲೆ ಕಾಯುವುದೊಂದೇ ಕೆಲಸ. ದಿನವೂ ಸಮಯಕ್ಕೆ ಸರಿಯಾಗಿಯೇ ಬಂದು ನಮ್ಮ ಹೊಟ್ಟೆ ಉರಿಸಿದಳು.

ಅದೊಂದು ಬೆಳಗ್ಗೆ ನಾನು ಮೆಕ್ಕೆಜೋಳದ ಹುಳಿ ಕಡುಬು ಕೆಂಕೆಯ ಎಲೆ ಬಿಚ್ಚುತ್ತಿದ್ದೆ. ಎಕುವಾ ಬರುವ ಮುಂಚೆ ತಿಂದು ಕೈ ತೊಳೆಯುವಷ್ಟು ಹೊತ್ತು ಇನ್ನೂ ಇತ್ತು. ಅಷ್ಟರಲ್ಲೇ ರೇಡಿಯೋ ಕೀಚಲು ದನಿಯಲ್ಲಿ ಕೂಗಿತು.

"ಗಡಿಯಾರ ಸರಿ ಇದ್ಯಾ ಆಂಟಿ?" ಅಜೋವಾ ಪಿಸುಗುಟ್ಟಿದಳು.

"ಸರಿ ಇದೆ. ಬೇಗ ಬಂದ್ಲು ಕಣೇ!"

ಮರುದಿನ ಇನ್ನಷ್ಟು ಬೇಗ ಬಂದಳು. ಅಜೋವಾ ನನ್ನನ್ನು ಅಪ್ಪಿಕೊಂಡು ನಕ್ಕಳು, ನಗುತ್ತಲೇ ಬಿಕ್ಕಿದಳು. "ಬೀಳ್ತಿದಾಳೆ ಆಂಟಿ."

"ಬೀಳ್ಲಿ ಬಿಡು. ಅದಕ್ಕೇ ತಾನೇ ಹೆತ್ತಿದ್ದು?" ಎಂದೆ. ಹೆಸರೇ ಬೇಡವೆಂದ ನಾನೇ ಕಿಟಕಿಗೆ ಹೋಗಿ ಬಾನು ನೋಡಿದೆ.

ಕಂಪನಿಗೆ ಸುದ್ದಿ ಮುಟ್ಟಿಸಿದ್ದ ಬೋಟ್ವೆ ಆಗಲೇ ಫೋನು ಹಿಡಿದು ಓಡಿಬಂದ. "ಕಂಪನಿಯೋರು! ಹಾಯಿ ಬೇಕಂತೆ! ನಿನ್ನ ಹತ್ರಾನೇ ಮಾತಾಡ್ಬೇಕಂತೆ, ತಗೋ!"

ಅಜೋವಾ ಕಣ್ಣೊರೆಸಿಕೊಂಡಳು, ಫೋನು ಮಾತ್ರ ಮುಟ್ಟಲಿಲ್ಲ. "ಸ್ವಲ್ಪ ತಾಳಿ ಅನ್ನಿ, ಡಾಕ್ಟ್ರೇ. ಎಕುವಾ ಈಗ ನಮ್ಮ ತಲೆ ಮೇಲಿದಾಳೆ. ಇನ್ನೆಷ್ಟು ಸಲ ಬರ್ತಾಳೋ ಏನೋ."

ಬೋಟ್ವೆ ಫೋನಿಗೆ ಹಾಗೆಯೇ ಹೇಳಿದ. ಅವರು ಕಾದರು.