ಬೀರುವಿನ ಮೇಲಿನ ಬೆರಳು

ಬೆರಳಚ್ಚು ತಜ್ಞನಾದ ಅವನೆಂದರೆ ಪೊಲೀಸ್ ಇಲಾಖೆಯಲ್ಲಿ ಎಲ್ಲರಿಗೂ ಗೌರವ. ಹೊರಗೆ ಹುಲಿ, ಮನೆಯಲ್ಲಿ ಇಲಿ ಎಂದು ಹೆಂಡತಿ ಮಾತ್ರ ಚುಡಾಯಿಸುತ್ತಿದ್ದಳು. ಆ ಭಾನುವಾರ ಅವಳಿಗೆ ಚುಡಾಯಿಸುವ ಮನಸ್ಸಿರಲಿಲ್ಲ. ಅತ್ತೆಯ ಕೆಂಪು ಹರಳಿನ ಓಲೆ ಅವರ ಕೋಣೆಯ ಬೀರುವಿನಿಂದ ಕಾಣೆಯಾಗಿತ್ತು, ಅತ್ತೆಯ ಅನುಮಾನ ನೆಟ್ಟಗೆ ಸೊಸೆಯ ಮೇಲೆ ಬಿದ್ದಿತ್ತು.

"ಇವಳು ಅಂಥವಳಲ್ಲ ಅಂತ ನಿಮ್ಮಮ್ಮನಿಗೆ ಒಂದು ಮಾತು ಹೇಳಿ," ಎಂದಳು ಅಡುಗೆಮನೆಯಲ್ಲಿ. "ಇಲ್ದಿದ್ರೆ ಈ ಮನೇಲಿ ತಲೆ ಎತ್ಕೊಂಡು ಹೇಗೆ ಓಡಾಡ್ಲಿ?"

"ಬರೀ ಮಾತು ಯಾರು ನಂಬ್ತಾರೆ? ಸಾಕ್ಷಿ ತೋರಿಸ್ತೀನಿ ಇರು."

ಅಯ್ಯೋ ಪುಣ್ಯಾತ್ಮ! ಹೆಂಡತಿ ಕೇಳಿದ್ದು ಒಂದು ಮಾತು, ಈತ ತಂದದ್ದು ಕುಂಚ, ಕರಿಪುಡಿ, ಭೂತಗನ್ನಡಿ. ಒಡವೆಯ ಒಳಖಾನೆಯನ್ನು ಅವಳು ಮುಟ್ಟಿಯೇ ಇಲ್ಲವೆಂದು ತೋರಿಸಿಬಿಟ್ಟರೆ ಮುಗಿಯಿತು ಎಂಬ ಲೆಕ್ಕಾಚಾರ. ಅಮ್ಮ ಮಂಚದ ಮೇಲೆ ನ್ಯಾಯಾಧೀಶರ ಹಾಗೆ ಕೂತರು.

ಪುಡಿ ಹಚ್ಚಿದ. ಖಾನೆಯ ಹಿಡಿಯ ಮೇಲೆ ಮೂಡಿದ್ದು ಹೆಂಡತಿಯ ಹೆಬ್ಬೆರಳು, ಹಳೆಯ ಚಾಕು ಗಾಯದ ಗೆರೆಯ ಸಮೇತ.

"ನೋಡಿದ್ಯಾ! ನಿನ್ನ ಪುಡೀನೇ ಹೇಳ್ತು!" ಎಂದರು ಅಮ್ಮ.

ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಬಾಡಿತು. ಒಂದೇ ಒಂದು ಕ್ಷಣ ಅವನಿಗೂ ಅನುಮಾನ ಬಂತು. ಮರುಕ್ಷಣ ತನ್ನ ಮೇಲೇ ಹೇಸಿಗೆಯಾಯಿತು.

ಗಾಬರಿಯಲ್ಲಿ ಸಿಕ್ಕಸಿಕ್ಕಲ್ಲೆಲ್ಲ ಪುಡಿ ಹಚ್ಚುತ್ತ ಹೋದ. ಮಾತ್ರೆ ಡಬ್ಬಿ, ನೀರಿನ ಲೋಟ, ಕಿಟಕಿಯ ಚಿಲಕ, ಅಮ್ಮ ಹಿಡಿದು ನಡೆಯುವ ಕೋಲು. ಎಲ್ಲೆಲ್ಲೂ ಅದೇ ಬೆರಳು. ಅಲ್ಲ, ದಿನಬೆಳಗಾದರೆ ಈ ಕೋಣೆಯ ಚಾಕರಿ ಮಾಡುವವಳ ಬೆರಳು ಇನ್ನೆಲ್ಲಿ ಬೀಳಬೇಕು? ಅವನ ಬೆರಳು ಮಾತ್ರ ಎಲ್ಲೂ ಇರಲಿಲ್ಲ.

"ಮುಟ್ಟಿದಾಳೆ ಅಂತಷ್ಟೇ ಇದು ಹೇಳುತ್ತೆ ಅಮ್ಮ. ಅವಳು ತೆಗೆದಿಲ್ಲ."

"ಅದಕ್ಕೇನೋ ಸಾಕ್ಷಿ?"

"ಸಾಕ್ಷಿ ಇಲ್ಲ. ನಾನು ಹೇಳ್ತಿದೀನಿ. ಸಾಲದಾ?"

ಅಮ್ಮ ಮಗನನ್ನೂ ಮಸಿಯಾದ ಕೋಲನ್ನೂ ನೋಡಿದರು. "ಸಾಕು ಬಿಡು. ಎಲ್ಲಿಟ್ಟೆನೋ ಏನೋ, ಇನ್ನೊಂದ್ಸಲ ಹುಡುಕ್ತೀನಿ," ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಹೆಂಡತಿ ಒದ್ದೆ ಬಟ್ಟೆ ಹಿಡಿದು ಬಂದಳು. ಕಣ್ಣು ಕೆಂಪಗಾಗಿತ್ತು. "ಇದನ್ನೇ ಬೆಳಿಗ್ಗೆ ಹೇಳೋಕೆ ನಿಮಗೇನಾಗಿತ್ತು?" ಎಂದಳು ಮೆಲ್ಲಗೆ.

ಅವನು ಬಟ್ಟೆಗೆ ಕೈ ಚಾಚಿದ. ಅವಳು ಮೊದಲು ಬಟ್ಟೆ ಹಿಂದಕ್ಕೆಳೆದುಕೊಂಡು, ಆಮೇಲೆ ಕೊಟ್ಟಳು.

"ಮೊದ್ಲು ಕೋಲು ಒರೆಸಿ," ಎಂದಳು. "ಅತ್ತೆ ಎದ್ರೆ ಕೈಯೆಲ್ಲ ಮಸಿಯಾಗುತ್ತೆ."