ವಂಡ್ಸೆ ಅಜ್ಜಿಯ ಪಟಕ್ಕೆ ಮೂರು ಕೋಟು ವಾರ್ನಿಶ್

ಕುಂದಾಪುರದಲ್ಲಿ ಪ್ರೇಮಾನಂದನ ಪ್ರಿಂಟಿಂಗ್ ಅಂಗಡಿ. ಅಲ್ಲಿ ಕಿಟ್ಟನಿಗೆ ಒಂದೇ ಕೆಲಸ: ಮಶೀನಿನಿಂದ ಇಳಿದ ಕ್ಯಾನ್‌ವಾಸಿಗೆ ವಾರ್ನಿಶ್ ಬಳಿಯುವುದು. ಹಂಗಾರಕಟ್ಟೆಯಲ್ಲಿ ದೋಣಿಗಳಿಗೆ ಹೆಸರು, ಅಂಗಡಿಗಳಿಗೆ ಬೋರ್ಡು, ದೊಡ್ಡ ಮನೆಯವರಿಗೆ ಪಟ ಬರೆದು ಬದುಕಿದ ಮನುಷ್ಯ. ಫ್ಲೆಕ್ಸ್ ಬಂದು ಅದನ್ನೆಲ್ಲ ಗುಡಿಸಿ ಹಾಕಿತು. ಈಗ ಅರವತ್ತೊಂದರ ಪ್ರಾಯದಲ್ಲಿ, ತಾನು ಬರೆಯದ ಚಿತ್ರಗಳ ಮೇಲೆ ಬಣ್ಣವೇ ಇಲ್ಲದ ನೀರು ಸವರುತ್ತಾನೆ.

ಸೋಮವಾರ ವಂಡ್ಸೆಯಿಂದ ಅಮಿತಾ ಬಂದಳು. ಗಂಡನಿಗೆ ಮುಂಬೈಯಲ್ಲಿ ಹೋಟೆಲು, ಊರಲ್ಲಿ ಈಗಷ್ಟೇ ಎದ್ದ ಹೊಸ ಮನೆ, ಗೃಹಪ್ರವೇಶ ಬಾಕಿ. ಕಾರಿನ ಡಿಕ್ಕಿಯಿಂದ ಹಳೆಯ ಆಯಿಲ್ ಪೇಂಟಿಂಗ್ ಒಂದನ್ನು ಇಳಿಸಿ ಮೇಜಿನ ಮೇಲಿಟ್ಟಳು. ಅದರಲ್ಲಿ ಎಲೆಯಡಿಕೆ ತಟ್ಟೆ ಹಿಡಿದು ಕೂತವಳು ಅಮ್ಮಣ್ಣಿ, ಅಮಿತಾಳ ಗಂಡನ ಅಜ್ಜಿ. ಹಣೆಯಿಂದ ಗಲ್ಲದವರೆಗೆ ಮುಖವೆಲ್ಲ ಬಿರುಕು.

"ಕಾಣಿ ಪ್ರೇಮಣ್ಣ, ಅಜ್ಜಿ ಮುಖ ಒಡ್ದ್ ಬೇಸ್ಗೆ ಗದ್ದಿ ಆಯಿತ್ತ್. ಯಾವ್ ಪುಣ್ಯಾತ್ಮ ಬರ್ದದ್ದೋ. ಇದ್ರ ಫೋಟೋ ತೆಗ್ದ್, ಕಂಪ್ಯೂಟ್ರಲ್ಲಿ ಸಮ ಮಾಡಿ, ಹೊಸ್ತ್ ಪ್ರಿಂಟ್ ಕೊಡಿ. ಆಯ್ತವಾರ ಮನಿ ಒಕ್ಕಲ್."

ಬರೆದ ಪುಣ್ಯಾತ್ಮ ಮೂರು ಮಾರು ದೂರದಲ್ಲಿ ರೋಲರ್ ಹಿಡಿದು ನಿಂತಿದ್ದ. ಪಟದ ಕೆಳಮೂಲೆಯಲ್ಲಿ 'ಕಿಟ್ಟ, ಹಂಗಾರಕಟ್ಟೆ' ಎಂದು ಈಗಲೂ ಓದಲು ಬರುತ್ತಿತ್ತು. ಪ್ರೇಮಾನಂದ ಓದಿದ, ಕಿಟ್ಟನ ಕಡೆ ಒಮ್ಮೆ ಕಣ್ಣು ಹಾಯಿಸಿದ, ನಗು ನುಂಗಿಕೊಂಡು ಹೇಳಿದ: "ಹಿಂದಿನೋರಿಗೆ ಎಂತ ಗೊತ್ತಿತ್ತ್ ಅಮಿತಕ್ಕ." ಅಂಥ ನಗುವಿಗೆ ಕೆನ್ನೆಗೆರಡು ಬಿಗಿಯಬೇಕು. ಕಿಟ್ಟ ಬಿಗಿಯುವ ಪೈಕಿಯವನಲ್ಲ. ಅವನು ತಲೆ ತಗ್ಗಿಸಿ ರೋಲರ್ ತೊಳೆಯಲು ಹೋದ.

ತಲೆ ತಗ್ಗಿಸಲು ಕಾರಣವೂ ಇತ್ತು. ಆಯಿಲ್ ಬಣ್ಣ ಒಳಗಿಂದ ಒಣಗಲು ಆರು ತಿಂಗಳಾದರೂ ಬೇಕು, ವಾರ್ನಿಶ್ ಏನಿದ್ದರೂ ಆಮೇಲೆ. ಅಮ್ಮಣ್ಣಿಯ ಕಾಲದಲ್ಲೂ ಆ ಮನೆಯವರಿಗೆ ಒಂದು ಮನೆ ಒಕ್ಕಲಿನ ಅವಸರವಿತ್ತು. ಬರೆದು ಮುಗಿದ ಹದಿನೈದನೆಯ ದಿನಕ್ಕೇ ಹೊಳಪು ಬೇಕೆಂದರು. ಇಪ್ಪತ್ತೇಳರ ಕಿಟ್ಟ ದೊಡ್ಡವರ ಎದುರು ಇಲ್ಲವೆನ್ನಲಾರದೆ ಬಳಿದುಬಿಟ್ಟ. ಮೇಲಿನ ಪದರ ಬಿಗಿಯಿತು, ಒಳಗಿನದು ಹಸಿಯೇ ಉಳಿಯಿತು, ಮರುವರ್ಷವೇ ಅಜ್ಜಿಯ ಮುಖ ಸೀಳಿತು. ಮೂವತ್ತನಾಲ್ಕು ವರ್ಷ ಆ ಒಡೆದ ಮುಖದ ಕೆಳಗೆ ಅವನ ಹೆಸರು ಕೂತಿತ್ತು. ವಂಡ್ಸೆ ಕಡೆಯ ಕೆಲಸ ಬಂದರೆ ಅವನು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಬುಧವಾರ ಬೆಳಿಗ್ಗೆ ಪ್ರಿಂಟು ಇಳಿಯಿತು. ಒಂದು ಗೆರೆ ಬಿರುಕಿಲ್ಲ. ತಾನು ಇಪ್ಪತ್ತು ದಿನ ಎದುರು ಕೂತು ಬರೆದ ಅದೇ ಕಣ್ಣು, ಅದೇ ತುಟಿ. ಕಿಟ್ಟ ರೋಲರ್ ಬದಿಗಿಟ್ಟು ಪಟದ ಮೇಲೆ ಬಗ್ಗಿದ. ಆಮೇಲೆ ಮೂಲೆ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಹೆಸ್ರ್ ಎಲ್ ಹೋಯ್ತ್?"

"ಕಂಪ್ಯೂಟರ್ ಕಲೆ ಅಂದೇಳಿ ಒರ್ಸಿತ್ ಕಾಣ್ತ್ ಕಿಟ್ಟಣ್ಣ," ಅಂದ ಪ್ರೇಮಾನಂದ.

ಕಿಟ್ಟ ಈ ಅಂಗಡಿಗೆ ಬಂದು ಎರಡು ವರ್ಷವಾಗಿತ್ತು, ಸಂಬಳ ಬಿಟ್ಟು ಬೇರೇನೂ ಕೇಳಿರಲಿಲ್ಲ. ಅವತ್ತು ಕೇಳಿದ. "ನಾನ್ ಬರಿತೆ. ವಾರ್ನಿಶಿಗಿಂತ ಮುಂಚೆ ಬರ್ದ್ರೆ ಗಟ್ಟಿ ನಿಲ್ಲತ್ತ್. ಒಂದ್ಸಲ ಆದ್ರೂ ಒಡ್ಕಿಲ್ದ ಮುಖದ್ ಕೆಳ್ಗೆ ನನ್ ಹೆಸ್ರ್ ಇರ್ಲಿ."

ಪ್ರೇಮಾನಂದ ಗಲ್ಲ ಕೆರೆದುಕೊಂಡು ಯೋಚಿಸಿದ. "ಬರ್ಕಣಿ. ನಿಮ್ದೇ ಚಿತ್ರ ಅಲ್ದಾ. ಆದ್ರೆ ವಾರ್ನಿಶಲ್ಲಿ ಒಂದ್ ಗುಳ್ಳಿ ಕಾಂಬುಕಾಗ. ಚೌಕಟ್ಟಿಗೆ ಎಳಿವಾಗ ಬಿಳಿ ಅಂಚ್ ಮಾತ್ರ ಹಿಂದೆ ಮಡ್ಚುದ್, ಚಿತ್ರ ಪೂರ್ತಿ ಮುಂದೆ ಇರತ್ತ್."

ಕಿಟ್ಟ ಸಣ್ಣ ಬ್ರಷ್ಷಿನಲ್ಲಿ, ಚಿತ್ರದ ಅಂಚಿನಿಂದ ಎರಡು ಬೆರಳು ಮೇಲೆ, ಹೆಸರು ಬರೆದ. ಅಕ್ಷರ ಹಳೆಯ ಹಾಗೆಯೇ ಬಂತು. ಅದಕ್ಕೂ ಪ್ರಿಂಟಿನ ಶಾಯಿಗೂ ಇಡೀ ದಿನ ಒಣಗಲು ಬಿಟ್ಟ. ಗುರುವಾರ ಬಾಗಿಲು ಮುಚ್ಚಿ, ಧೂಳು ಹಾರದಂತೆ ಫ್ಯಾನ್ ನಿಲ್ಲಿಸಿ, ಬೆವರು ಕ್ಯಾನ್‌ವಾಸಿಗೆ ಬೀಳದಂತೆ ಹಣೆಗೆ ಬೈರಾಸು ಕಟ್ಟಿಕೊಂಡ. ಮೊದಲ ಕೋಟು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ, ಮೂರನೆಯದು ಮತ್ತೆ ಅಡ್ಡಕ್ಕೆ, ಎಲ್ಲವೂ ತೆಳ್ಳಗೆ. ಕಡಲ ಬದಿಯ ಗಾಳಿಯಲ್ಲಿ ಪಸೆ ಜಾಸ್ತಿ ಎಂದು ಒಂದೊಂದು ಕೋಟು ಒಣಗಲೂ ಒಂದು ಗಂಟೆ ಹೆಚ್ಚು ಕಾದ. ಚೌಕಟ್ಟಿಗೆ ಎಳೆದು ಮಡಚುವಾಗ ಬಣ್ಣ ಒಡೆಯುವುದು ಅಂಚಿನಲ್ಲೇ ಮೊದಲು, ಹಾಗಾಗಿ ಅಂಚುಗಳಿಗೆ ಇನ್ನೊಂದು ಕೈ ಕೊಟ್ಟ. ಊಟಕ್ಕೆ ಹೋಗುವುದನ್ನೂ ಮರೆತ. ಪಟವನ್ನು ತಾನೇ ವಂಡ್ಸೆಗೆ ಒಯ್ದು ಗೋಡೆಗೆ ಹಾಕಿ ಬರುತ್ತೇನೆ, ಯಾರಾದರೂ ಕೇಳಿದರೆ ಬರೆದವ ನಾನೇ ಎನ್ನುತ್ತೇನೆ ಎಂದೆಲ್ಲ ಅಂದುಕೊಂಡ. ಖುಷಿಯಾಗಿತ್ತು ಅವನಿಗೆ, ಪಾಪ.

ಶನಿವಾರ ಪ್ರೇಮಾನಂದ ಮರದ ಚೌಕಟ್ಟು ತಂದ. ಕ್ಯಾನ್‌ವಾಸನ್ನು ಮೇಜಿನ ಮೇಲೆ ಕವುಚಿ ಹಾಸಿ ಅದರ ಮೇಲೆ ಚೌಕಟ್ಟು ಇಟ್ಟರು. ಕಿಟ್ಟ ಇಕ್ಕಳದಲ್ಲಿ ಎಳೆದು ಮಡಚಿ ಹಿಡಿಯುವುದು, ಪ್ರೇಮಾನಂದ ಪಿನ್ನು ಹೊಡೆಯುವುದು. ಮೂರು ಬದಿ ಮುಗಿಯಿತು. ಕೆಳಗಿನ ಬದಿ ಎಳೆದಾಗ ಬಿಳಿ ಅಂಚಿನ ಜೊತೆ ಚಿತ್ರವೂ ಮೂರು ಇಂಚು ಹಿಂದಕ್ಕೆ ಬಂತು. ಚೌಕಟ್ಟಿನ ಬೆನ್ನ ಮೇಲೆ, ಅವನ ಕಣ್ಣೆದುರೇ, 'ಕಿಟ್ಟ, ಹಂಗಾರಕಟ್ಟೆ'.

"ಹ್ವಾಯ್, ಚೌಕಟ್ಟ್ ಸಣ್ದಾಯ್ತ್. ಹೆಸ್ರ್ ಹಿಂದೆ ಬಂತ್."

"ಬರ್ಕಲೆ, ಹಿಂದೆ ಬರ್ಲಿ ಅಂದೇಳೇ ಸಣ್ದ್ ಮಾಡ್ಸದ್ದ್," ಅಂದ ಪ್ರೇಮಾನಂದ. "ಅಮಿತಕ್ಕ ಮೊದ್ಲೇ ಫೋನಲ್ಲಿ ಹೇಳಿದ್ರ್. ಕಂಪ್ಯೂಟರ್ ಅಲ್ಲ, ನಾನೇ ಒರ್ಸದ್ದ್. ಹೊಸ ಮನಿ ಗೋಡಿ ಮೇಲೆ ಯಾರ್ ಯಾರ್ದೋ ಹೆಸ್ರ್ ಬ್ಯಾಡ ಅಂಬ್ರ್."

"ಮತ್ತೆ ನಂಗೆ ಬರುಕೆ ಹೇಳದ್ ಎಂತಕೆ?"

"ಬ್ಯಾಡ ಅಂದಿದ್ರೆ ನಿಮ್ ಕೈ ಈ ನಮ್ನಿ ನಡಿತಿತ್ತಾ? ಎರ್ಡ್ ವರ್ಷದಲ್ಲಿ ಇಷ್ಟ್ ಲಾಯ್ಕ್ ಕೋಟ್ ನೀವ್ ಹಾಕದ್ದಿಲ್ಲೆ."

ಅಂಗಡಿಗೆ ಸೇರಿದ ಮೇಲೆ ಕಿಟ್ಟ ಕೇಳಿದ ಮೊದಲ ಹೊಗಳಿಕೆ ಅದು. ಸಿಟ್ಟು ನೆತ್ತಿಗೇರಿತು. ಇಕ್ಕಳ ಎಸೆದು ಹೊರಟುಬಿಡಬಹುದಿತ್ತು. ಸುಮ್ಮನೆ ಹಿಡಿತ ಸಡಿಲ ಬಿಟ್ಟರೂ ಸಾಕಿತ್ತು. ತಿಂಗಳೊಳಗೆ ಕ್ಯಾನ್‌ವಾಸು ಜೋತು ಅಜ್ಜಿಯ ಮುಖ ಮತ್ತೆ ಸುಕ್ಕುಗಟ್ಟುತ್ತಿತ್ತು. ಆ ಮುಖವನ್ನು ಎರಡನೆಯ ಸಲ ಕೆಡಿಸಲು ಅವನಿಂದ ಆಗಲಿಲ್ಲ. ಪ್ರೇಮಾನಂದನಿಗೆ ಅದೂ ಗೊತ್ತಿತ್ತು.

"ಇನ್ನೊಂಚೂರ್ ಎಳ್ದ್ ಹಿಡ್ಕಣಿ."

ಕಿಟ್ಟ ಎಳೆದ. ಮಡಿಕೆಯಲ್ಲಿ ಬಣ್ಣ ಒಂದು ಕೂದಲೆಳೆಯಷ್ಟೂ ಒಡೆಯಲಿಲ್ಲ. ಪ್ರೇಮಾನಂದ ಮೂಲೆಯಿಂದ ಶುರು ಮಾಡಿ ಸಾಲಾಗಿ ಪಿನ್ನು ಹೊಡೆದ. ಮೂರು ಪಿನ್ನು ಹೆಸರಿನ ಮೇಲೆ ಬಿದ್ದವು. ಮುಗಿಯುವ ತನಕ ಅದನ್ನು ಅಲುಗದಂತೆ ಹಿಡಿದುಕೊಂಡವನು ಕಿಟ್ಟನೇ.