ಕೂಗಿಲ್ಲದ ಮೇಸ್ತ್ರಿ

ನಾಲ್ಕು ತಿಂಗಳ ಮೇಲೆ ಮೇಸ್ತ್ರಿ ಕೆಲಸಕ್ಕೆ ಬಂದ ಬೆಳಿಗ್ಗೆ, ಲೈನ್ ಆಫೀಸಿನ ಅಂಗಳದಲ್ಲಿ ಕೂತಿದ್ದ ಗ್ಯಾಂಗಿನ ಹದಿನಾರು ಜನವೂ ಒಟ್ಟಿಗೆ ಎದ್ದರು. ಮೇಸ್ತ್ರಿಯ ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಡಾಕ್ಟರು ಗಂಟಲಿನ ಗಂಟು ತೆಗೆದ ಜಾಗದಲ್ಲಿ ಬಟ್ಟೆಯ ಹಿಂದೆ ಒಂದು ತೂತು. ಉಸಿರು ಈಗ ಆ ದಾರಿಯಲ್ಲೇ ಬಂದು ಹೋಗುತ್ತಿತ್ತು. ಗಂಟಿನ ಜೊತೆ ದನಿಯೂ ಹೋಗಿತ್ತು.

"ಬನ್ನಿ ಮೇಸ್ತ್ರಿ," ಎಂದ ರೇಡಿಯೊ. ಬಾಯಿ ಮುಚ್ಚದ ಆಳು, ಅದಕ್ಕೇ ಆ ಹೆಸರು. "ನೀವಿಲ್ದೆ ನಮ್ಮನ್ನ ಬಯ್ಯೋರೇ ಇರಲಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಇನ್ನು ಮುಂದೆಯೂ ಬಯ್ಯುವವರಿಲ್ಲ ಎಂಬುದು ಆಮೇಲೆ ನೆನಪಾಗಿ ಒಬ್ಬೊಬ್ಬರೇ ಸುಮ್ಮನಾದರು. ಮೇಸ್ತ್ರಿ ಮಾತ್ರ ಇನ್ನೂ ನಗುತ್ತಿದ್ದರು, ಸದ್ದಿಲ್ಲದೆ, ಹೆಗಲು ಕುಣಿಸುತ್ತ.

ಈ ಗ್ಯಾಂಗಿನ ಕೆಲಸ ಕರೆಂಟಿನ ಕಂಬ ನಿಲ್ಲಿಸುವುದು. ಕ್ರೇನ್ ಹೋಗುವ ಕಡೆ ಕ್ರೇನ್ ನಿಲ್ಲಿಸುತ್ತದೆ. ಅದು ಹೋಗದ ಇಳಿಜಾರು, ಓಣಿ, ಬಂಡೆಗಳ ಸಂದಿಗೆ ಇವರು. ಅರ್ಧ ಟನ್ ತೂಕದ ಕಬ್ಬಿಣದ ಕಂಬ ತೋಳಿನ ಬಲದಿಂದ ಮಾತ್ರ ಏಳುವುದಿಲ್ಲ. ಹದಿನಾರು ಜನ ಒಂದೇ ಕ್ಷಣದಲ್ಲಿ ಎಳೆದರೆ ಏಳುತ್ತದೆ. ಹಿಂದೆ ಮುಂದೆ ಎಳೆದರೆ ಹದಿನಾರು ಜನರ ಮೇಲೇ ಬರುತ್ತದೆ. ಆ ಕ್ಷಣವನ್ನು ಕೂಗಿ ಕೊಡುವವನೇ ಮೇಸ್ತ್ರಿ.

ಇಪ್ಪತ್ತಾರು ವರ್ಷ ಇವರೇ ಕೊಟ್ಟಿದ್ದರು. ಅಪ್ಪ ಮುಸ್ಸಂಜೆಗೆ ದೀಪ ಹಚ್ಚಿ ದೇವರ ಮುಂದೆ ಪದ್ಯ ಓದುವುದನ್ನು ಗೋಡೆಗೊರಗಿ ಕೇಳುತ್ತ ಬೆಳೆದವರು. ಎಲ್ಲಿ ಸಾಲು ಮುರಿಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಅರ್ಥಕ್ಕಿಂತ ಮೊದಲೇ ಅವರ ಮೈಗೆ ಇಳಿದಿತ್ತು. ಕಂಬಕ್ಕೂ ಅದನ್ನೇ ಬಳಸಿದರು:

ಕಬ್ಬಿಣದ ಕೋಲಣ್ಣ, ಕಣ್ ಬಿಟ್ಟು ನೋಡಣ್ಣ,
ಮಲಗಿದ್ದು ಸಾಕಣ್ಣ, ಏಳೇಳೋ... ಹೊಯ್!

'ಹೊಯ್' ಎಂದಾಗ ಎಳೆತ. ಅದರ ಹಿಂದಿನ ಬಿಡುವಿನಲ್ಲಿ ಎಲ್ಲರ ಎದೆಯೂ ಒಟ್ಟಿಗೆ ತುಂಬಿಕೊಳ್ಳುತ್ತಿತ್ತು.

ಇಂಜಿನಿಯರ್ ಮೇಡಂ ಒಳಗೆ ಕರೆದು ಕೂರಿಸಿದರು. ವಯಸ್ಸಿನಲ್ಲಿ ಮೇಸ್ತ್ರಿಯ ಮಗಳಂತಿದ್ದರು, ಕೆಲಸದಲ್ಲಿ ಮೇಲಿನವರು. ಎರಡನ್ನೂ ಮರೆಯದೆ ಮಾತಾಡುವುದು ಅವರ ರೀತಿ. ಮೇಜಿನ ಮೇಲೆ ಒಂದು ಕಾಗದವಿತ್ತು. ಮೇಸ್ತ್ರಿಯನ್ನು ಸ್ಟೋರಿನ ಕುರ್ಚಿಗೆ ಹಾಕುವ ಆರ್ಡರ್. ಸಹಿ ಇನ್ನೂ ಬಿದ್ದಿರಲಿಲ್ಲ.

"ನಿಮ್ಮ ಕಣ್ಣು, ನಿಮ್ಮ ಲೆಕ್ಕಾಚಾರ, ಎರಡಕ್ಕೂ ಸಾಟಿ ಇಲ್ಲ. ಆದ್ರೆ ಅಪಾಯ ಕಂಡಾಗ 'ನಿಲ್ಲಿ' ಅಂತ ಹೇಳೋದು ಹೇಗೆ, ಹೇಳಿ?"

ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದು ಮೇಜಿನ ಮೇಲೇ ಬರೆದರು: 'ಗುಡ್ಡದ ಕೆಲಸ ಇದೆಯಲ್ಲ.'

ಕೆಲಸ ಇತ್ತು. ಬಿರುಗಾಳಿಗೆ ಮಣ್ಣು ಕುಸಿದು, ಮೇಲಿನ ಪಂಪ್‌ಹೌಸಿಗೆ ಹೋಗುವ ಲೈನಿನ ಹನ್ನೊಂದು ಕಂಬ ಮಲಗಿಬಿಟ್ಟಿದ್ದವು. ಕೆಳಗಿನ ಊರು ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿತ್ತು. ಕ್ರೇನ್ ಅರ್ಧ ದಾರಿ ಹತ್ತಿ ಹಿಂದೆ ಬಂದಿತ್ತು.

"ಸರಿ," ಎಂದರು ಮೇಡಂ. "ರೇಡಿಯೊ ಕೂಗಲಿ, ನೀವು ನೋಡ್ಕೊಳ್ಳಿ. ಆಮೇಲೆ ಈ ಕಾಗದದ ಮಾತು."

ಮೊದಲ ಕಂಬ ಸಲೀಸಾಗಿ ನಿಂತಿತು. ರೇಡಿಯೊನ ಗಂಟಲು ದೊಡ್ಡದು, ಪದವೂ ಸೊಗಸು. ಎರಡನೆಯದು ಅರ್ಧ ಎದ್ದಿದ್ದಾಗ ಅವನಿಗೆ ಹುರುಪು ಬಂತು. ಬಲಗಡೆಯ ಹಗ್ಗ ಹಿಡಿದಿದ್ದವನನ್ನು ನೋಡಿ ಹಾಡಿದ:

ದಪ್ಪಣ್ಣ ಎಳೆದರೆ ಹಗ್ಗಾನೇ ಬೆವರೀತು,
ಮನೆಯಾಕೆ ಕೂಗಿದರೆ ಓಡ್ತಾನೆ... ಹೊಯ್!

ದಪ್ಪಣ್ಣನಿಗೆ ನಗು ತಡೆಯಲಾಗಲಿಲ್ಲ. ಅವನ ಹಗ್ಗ ಒಂದು ಗೇಣು ಸಡಿಲವಾಯಿತು. ಕಂಬದ ತಲೆ ಎಡಕ್ಕೆ ವಾಲಿತು. ಎಡಗಡೆ ಕವೆಗೋಲು ಕೊಟ್ಟು ಕಂಬ ತಾಳಿಕೊಂಡಿದ್ದ ಇಬ್ಬರು ಅದನ್ನು ಕಾಣಲಿಲ್ಲ. ಬುಡದ ಹತ್ತಿರ ನಿಂತಿದ್ದ ಮೇಸ್ತ್ರಿ ಕಂಡರು. ಬಾಯಿ ತೆರೆದರು. ಕೊರಳ ಬಟ್ಟೆ ಪಟಪಟ ಅಲ್ಲಾಡಿತು, ಅಷ್ಟೇ. ರೇಡಿಯೊ ಇನ್ನೊಂದು 'ಹೊಯ್' ಎಂದ, ಮುಂದಿನವರು ಎಳೆದರು, ಕಂಬ ಇನ್ನಷ್ಟು ವಾಲಿತು. ಮೇಸ್ತ್ರಿ ಓಡಿಹೋಗಿ ಆ ಇಬ್ಬರನ್ನೂ ಮೈಯಿಂದಲೇ ಗುದ್ದಿ ಉರುಳಿಸಿದರು. ಅವರು ನಿಂತಿದ್ದ ಜಾಗಕ್ಕೆ ಕಂಬ ಬಿದ್ದು ಒಂದು ಮೊಳ ಮಣ್ಣು ಹೊಕ್ಕಿತು.

ಯಾರಿಗೂ ಏನೂ ಆಗಲಿಲ್ಲ. ಮೇಸ್ತ್ರಿಯ ಮೊಣಕೈ ತರಚಿತ್ತು. ರೇಡಿಯೊ ಬೆಪ್ಪನಂತೆ ನಿಂತುಬಿಟ್ಟಿದ್ದ.

"ದೇವರು ದೊಡ್ಡವನು," ಎಂದರು ಮೇಡಂ. "ಆದ್ರೆ ಮೇಸ್ತ್ರಿ, ಇದನ್ನೇ ನಾನು ಕೇಳಿದ್ದು. ನಾಡಿದ್ದು ಆ ಕಾಗದಕ್ಕೆ ಸಹಿ ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ."

ಸಂಜೆ ಮನೆಯಲ್ಲಿ ಮೇಸ್ತ್ರಿ ಒಳಕೋಣೆಯ ಮಂಚದ ಮೇಲೆ ಮಲಗಿ ಸೂರು ನೋಡುತ್ತಿದ್ದರು. ಹೆಂಡತಿ ನಡುಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಮದುವೆಯಾದಂದಿನಿಂದ ಅವಳು ನಾಲ್ಕು ಜನರ ಬಟ್ಟೆ ಹೊಲಿದೇ ಮನೆಗೊಂದು ಆಸರೆಯಾಗಿದ್ದವಳು. ಹೊಲಿಯುತ್ತಲೇ ಮಾತೂ ಸಾಗಿತ್ತು.

"ಸ್ಟೋರ್ ಅಂದ್ರೆ ಏನು ಜೈಲಾ? ಫ್ಯಾನ್ ಇರುತ್ತೆ, ಕುರ್ಚಿ ಇರುತ್ತೆ. ಮೂವತ್ತು ವರ್ಷ ನಿಮ್ಮ ಮಾತು ನಾನು ಕೇಳಿದೀನಿ, ಈಗ ನನ್ನ ಮಾತು ನೀವು ಕೇಳಿ. ಎದುರು ವಾದಿಸೋಕೂ ಆಗಲ್ಲ, ನನ್ನ ಪುಣ್ಯ!"

ಟಕಟಕ ಟಕಟಕ ಎಂದು ಯಂತ್ರ ಓಡುತ್ತಿತ್ತು. ಓಡುತ್ತಿದ್ದುದು ನಿಂತಿತು. ಮೇಸ್ತ್ರಿ ಎದ್ದು ಹೊಸ್ತಿಲಿಗೆ ಬಂದಿದ್ದರು.

"ಯಾಕ್ರೀ ಬಂದ್ರಿ?" ಅವಳು ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತಿದಳು. "ದಾರ ಕಿತ್ತಿತು, ಅಷ್ಟೇ. ನಾನೇನು ಕರೆದ್ನಾ?"

ಕರೆದಿರಲಿಲ್ಲ. ಮೇಸ್ತ್ರಿ ಹೊಸ್ತಿಲಲ್ಲೇ ನಿಂತು ತಮ್ಮ ಕಾಲುಗಳನ್ನು ನೋಡಿಕೊಂಡರು. ಯಾರೂ ಕರೆಯದೆ, ಸದ್ದು ನಿಂತದ್ದಕ್ಕೇ ಎದ್ದು ಬಂದ ಕಾಲುಗಳು. ಆಮೇಲೆ ಸೀಮೆಸುಣ್ಣಕ್ಕಾಗಿ ಜೇಬು ತಡವಿದರು.

"ನೆಲದ ಮೇಲೆ ಬರೀಬೇಡಿ ಅಂದಿದೀನಿ!" ಎಂದಳು ಅವಳು.

ಮರುದಿನ ಬೆಳಿಗ್ಗೆ ಮೇಡಂ ಬರುವ ಹೊತ್ತಿಗೆ ಮೇಸ್ತ್ರಿ ಅಂಗಳದಲ್ಲಿ ಒಂದು ಹಳೆಯ ಕಂಬ ಮಲಗಿಸಿ, ಹಗ್ಗ ಕಟ್ಟಿಸಿ, ಅದರ ಮೈಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು: 'ಸದ್ದಿದ್ರೆ ಎಳಿ. ಇಲ್ದಿದ್ರೆ ಹಿಡಿ.'

ಕೈಯಲ್ಲಿ ಗಿಡ್ಡ ಹಾರೆ. ಕಂಬಕ್ಕೆ ಎರಡು ಸಣ್ಣ ಪೆಟ್ಟು, ಒಂದು ದೊಡ್ಡ ಪೆಟ್ಟು. ಟಿಣ್, ಟಿಣ್, ಠಣ್. ಸಣ್ಣದಕ್ಕೆ ಉಸಿರು, ದೊಡ್ಡದಕ್ಕೆ ಎಳೆತ.

"ಮೇಸ್ತ್ರಿ, ನಿಲ್ಲಿಸೋಕೆ ಒಂದು ಹಾರ್ನ್ ಕೊಡಿಸ್ತೀನಿ," ಎಂದರು ಮೇಡಂ. "ಅದು ಸುಲಭ ಅಲ್ವಾ?"

ಮೇಸ್ತ್ರಿ ಬೇಡವೆಂದು ತಲೆಯಾಡಿಸಿ ಕಂಬದ ಮೇಲೆ ಬರೆದರು: 'ಹಾರ್ನ್ ಒತ್ತೋಕೂ ಆಗದಿದ್ರೆ? ನಾನು ಬಿದ್ರೆ?'

ಮೇಡಂ ಎರಡು ಸಲ ಓದಿದರು. ಇಷ್ಟು ದಿನ ಯಾರಾದರೂ 'ನಿಲ್ಲಿ' ಎಂದು ಕೂಗುವವರೆಗೆ ಎಳೆಯುತ್ತಿದ್ದರು. ಮೇಸ್ತ್ರಿ ಅದನ್ನು ಉಲ್ಟಾ ಮಾಡುತ್ತಿದ್ದರು: ಪೆಟ್ಟು ಬೀಳದಿದ್ದರೆ ಯಾರೂ ಎಳೆಯಕೂಡದು. ನಿಲ್ಲಲು ಯಾರ ಮಾತೂ ಬೇಕಿಲ್ಲ.

"ಇವತ್ತೊಂದು ದಿನ ಕೊಡ್ತೀನಿ," ಎಂದರು ಮೇಡಂ. "ನಾಳೆ ಗುಡ್ಡ. ಪೆಟ್ಟು ನಿಂತ ಮೇಲೆ ಒಂದೇ ಒಂದು ಸಲ ಕಂಬ ಮೇಲೆ ಹೋದ್ರೂ ಅವತ್ತೇ ಸಹಿ ಹಾಕ್ತೀನಿ."

ಹೇಳುವುದು ಸುಲಭ. ಇಷ್ಟು ವರ್ಷದ ರೂಢಿ ತೋಳಿನಿಂದ ಇಳಿಯಬೇಕಲ್ಲ. ಮೇಸ್ತ್ರಿ ಬೇಕೆಂದೇ ದೊಡ್ಡ ಪೆಟ್ಟು ಹೊಡೆಯದೆ ನಿಂತರೆ, ನಾಲ್ಕು ಜನ ಎಳೆದೇಬಿಡುತ್ತಿದ್ದರು. ಆಗ ಅವರು ಕಂಬ ಕೆಳಗಿಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಿದ್ದರು. ರೇಡಿಯೊನ ಬಾಯಿಂದ ತಾನಾಗಿಯೇ 'ಹೊಯ್' ಬರುತ್ತಿತ್ತು. ಕೊನೆಗೆ ಅವನೇ ಟವೆಲ್ ತುದಿ ಬಾಯಿಗೆ ತುರುಕಿಕೊಂಡ.

"ರೇಡಿಯೊ ಆಫ್ ಆಗಿದ್ದು ಹುಟ್ಟಿದ ಮೇಲೆ ಇದೇ ಮೊದಲು!" ಎಂದ ದಪ್ಪಣ್ಣ.

ಮಧ್ಯಾಹ್ನಕ್ಕೆ ಗೊಣಗಾಟ ಎದ್ದಿತು. "ಮೇಸ್ತ್ರಿ, ಇದೇನು ಮಕ್ಕಳಾಟಾನಾ? ಬೆನ್ನು ಮುರೀತಿದೆ." ಮೇಸ್ತ್ರಿ ಬೆವರು ಒರೆಸಿ, ಕೊರಳ ಬಟ್ಟೆ ಬದಲಿಸಿ, ಮತ್ತೆ ಹಾರೆ ಎತ್ತಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಬಿಡುವ ಲಕ್ಷಣವೂ ಇರಲಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು. ಮೂವತ್ತನೆಯ ಸಲಕ್ಕೆ ಪೆಟ್ಟು ನಿಂತಾಗ ಹದಿನಾರು ಜನವೂ ಕಲ್ಲಿನಂತೆ ನಿಂತರು. ಮೇಸ್ತ್ರಿ ಅಷ್ಟಕ್ಕೆ ಬಿಡದೆ ಇನ್ನೂ ಹತ್ತು ಸಲ ಮಾಡಿಸಿದರು.

ಎಲ್ಲರೂ ಹೋದ ಮೇಲೆ ರೇಡಿಯೊ ಹಗ್ಗ ಸುತ್ತುತ್ತ ಹತ್ತಿರ ಬಂದ. "ನನ್ನ ಮೇಲೆ ಕೋಪಾನಾ, ಮೇಸ್ತ್ರಿ? ನಿನ್ನೆ ನನ್ನಿಂದ ಇಬ್ಬರ ಜೀವ..."

ಮೇಸ್ತ್ರಿ ತುಟಿ ಅಲ್ಲಾಡಿಸಿದರು. ಅವನಿಗೆ ತಿಳಿಯಲಿಲ್ಲ. ಸೀಮೆಸುಣ್ಣ ಹಿಡಿದು ಬರೆದರು: 'ನಿನ್ನ ಪದ ಚೆನ್ನಾಗಿತ್ತು. ಅದೇ ತಪ್ಪಾಯ್ತು.' ಅವನು ಹಗ್ಗದ ಸಿಂಬಿಯನ್ನು ಎದೆಗೆ ಅವಚಿಕೊಂಡು ನಿಂತ. ಮುಂದಿನ ಹಗ್ಗದ ಮೊದಲ ಹಿಡಿತ ಅವನದೇ ಎಂದು ಮೇಸ್ತ್ರಿ ಬೆರಳು ತೋರಿಸಿ ಹೇಳಿದರು.

ಗುಡ್ಡದಲ್ಲಿ ಬಿದ್ದ ಎರಡನೆಯ ಕಂಬ ಮೊದಲು ಎದ್ದಿತು, ಆಮೇಲೆ ಮೂರು, ನಾಲ್ಕು. ಎರಡು ದಿನಕ್ಕೆ ಒಟ್ಟು ಆರು ನಿಂತವು. ಕಬ್ಬಿಣದ ಪೆಟ್ಟು ಇಳಿಜಾರಿಗೆ ಬಡಿದು ವಾಪಸು ಬರುತ್ತಿತ್ತು. ಪಂಪ್‌ಹೌಸಿನ ಕಾವಲುಗಾರ ಮೇಲಿಂದ ಕೂತು ನೋಡಿ, "ಇಷ್ಟು ಜನ ಇದ್ರೂ ಮೌನವ್ರತದ ಹಾಗಿದೆಯಲ್ರಪ್ಪಾ!" ಎಂದ. ಪ್ರತಿ ಕಂಬಕ್ಕೂ ಮೊದಲು ಮೇಸ್ತ್ರಿ ಅದರ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಮೇಡಂ ದಿನವೂ ಬಂದು ಒಂದು ಬಂಡೆಯ ಪಕ್ಕ ನಿಲ್ಲುತ್ತಿದ್ದರು. ಆ ಕಾಗದ ಅವರ ಚೀಲದಲ್ಲೇ ಇತ್ತು.

ಏಳನೆಯದು ಎಲ್ಲಕ್ಕಿಂತ ಕಡಿದಾದ ಜಾಗ. ಬುಡ ಗುಂಡಿಗೆ ಇಳಿದಿತ್ತು. ಮುಂದಿನ ಹಗ್ಗದಲ್ಲಿ ರೇಡಿಯೊ ಮತ್ತು ಎಂಟು ಜನ. ಕವೆಗೋಲಿನಲ್ಲಿ ನಾಲ್ವರು. ಎಡದ ಹಗ್ಗ ಇಬ್ಬರ ಕೈಯಲ್ಲಿ. ಬಲದ ಹಗ್ಗವನ್ನು ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಎರಡು ಸುತ್ತು ಹಾಕಿ ದಪ್ಪಣ್ಣ ಒಬ್ಬನೇ ಹಿಡಿದಿದ್ದ. ಗೂಟ ಅವನ ಬೆನ್ನಿಗಿತ್ತು.

ಟಿಣ್, ಟಿಣ್, ಠಣ್. ಕಂಬ ಒಂದು ಗೇಣು ಎದ್ದಿತು. ಟಿಣ್, ಟಿಣ್, ಠಣ್. ಒಂದೊಂದೇ ಗೇಣಾಗಿ ಮುಕ್ಕಾಲು ಪಾಲು ಎದ್ದಿತು. ಟಿಣ್, ಟಿಣ್...

ದೊಡ್ಡ ಪೆಟ್ಟು ಬೀಳಲಿಲ್ಲ.

ಹದಿನಾರು ಎದೆಗಳು ಉಸಿರು ತುಂಬಿಕೊಂಡು ಹಾಗೇ ನಿಂತವು. ಒಂದು ಹಗ್ಗವೂ ಬಿಗಿಯಾಗಲಿಲ್ಲ, ಒಂದೂ ಸಡಿಲವಾಗಲಿಲ್ಲ. ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ತಿರುಗಿ ನೋಡಲಿಲ್ಲ.

ಮೇಸ್ತ್ರಿ ನೋಡುತ್ತಿದ್ದುದು ಬಲದ ಗೂಟವನ್ನು. ಹಸಿ ಮಣ್ಣಿನಲ್ಲಿ ಅದು ಅಲ್ಲಾಡುವ ಹಲ್ಲಿನಂತೆ ಮೇಲಕ್ಕೆ ಬರುತ್ತಿತ್ತು. ಇನ್ನೊಂದು ಎಳೆತ ಬಿದ್ದಿದ್ದರೆ ಅದು ಕಿತ್ತು ಬರುತ್ತಿತ್ತು. ಆಗ ಕಂಬ ಕವೆಗೋಲಿನವರ ಮೇಲೆ ಹೋಗುತ್ತಿತ್ತು.

ಅವರು ಹಾರೆ ಹಿಡಿದೇ ಗೂಟದ ಹತ್ತಿರ ನಡೆದರು. ಹೊಡೆದು ಕೂರಿಸಲೆಂದು ಕೈ ಎತ್ತಿದರು, ಎತ್ತಿದ ಕೈ ಅಲ್ಲೇ ತಡೆಯಿತು. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದರೆ ಠಣ್ ಎನ್ನುತ್ತದೆ. ಠಣ್ ಎಂದರೆ ಎಳೆಯುತ್ತಾರೆ. ಅಷ್ಟು ಚೆನ್ನಾಗಿ ಕಲಿಸಿದ್ದರು.

ಹಾರೆಯನ್ನು ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಹುಲ್ಲಿನ ಮೇಲಿಟ್ಟರು.

ಹಗ್ಗದ ಉಳಿದ ತುದಿ ದಪ್ಪಣ್ಣನ ಕಾಲಬಳಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಆರು ಹೆಜ್ಜೆ ಆಚೆಗಿದ್ದ ಬಂಡೆಗೆ ಹೋದರು. ಅದೇ ಬಂಡೆಯ ಪಕ್ಕ ಮೇಡಂ ನಿಂತಿದ್ದರು. ಮೇಡಂಗೆ ಈಗ ಗೂಟ ಕಂಡಿತ್ತು. ಅವರ ಬಾಯಿ ಕೂಗಲು ತೆರೆಯಿತು. ಮೇಸ್ತ್ರಿ ತುಟಿಯ ಮೇಲೆ ಬೆರಳಿಟ್ಟರು. ಮೇಡಂ ಬಾಯಿ ಮುಚ್ಚಿ, ಚೀಲ ನೆಲಕ್ಕೆ ಹಾಕಿ, ತಾವೂ ಹಗ್ಗಕ್ಕೆ ಕೈ ಕೊಟ್ಟರು. ಬಂಡೆಗೆ ಒಂದು ಸುತ್ತು. ಎರಡು. ಮೂರು. ಕವೆಗೋಲಿನವರ ತೊಡೆ ನಡುಗುವುದು ಅಲ್ಲಿಗೂ ಕಾಣುತ್ತಿತ್ತು. ರೇಡಿಯೊ ತುಟಿ ಕಚ್ಚಿದ್ದ, ರಕ್ತ ಬಂದಿತ್ತು, ಸದ್ದು ಬಂದಿರಲಿಲ್ಲ. ಮೇಸ್ತ್ರಿ ಗಂಟು ಬಿಗಿದು, ಒಮ್ಮೆ ಎಳೆದು ನೋಡಿ, ದಪ್ಪಣ್ಣನ ಬೆನ್ನಿಗೆ ಅಂಗೈ ಒತ್ತಿ ಧೈರ್ಯ ತುಂಬಿ, ಹಾರೆ ತೆಗೆದುಕೊಂಡು ಬುಡಕ್ಕೆ ಬಂದರು. ಅವಸರ ಮಾಡಲಿಲ್ಲ.

ಟಿಣ್. ಟಿಣ್.

ಠಣ್.

ಎಳೆತ ಬಿತ್ತು. ಗೂಟ ಪುಳಕ್ಕನೆ ಕಿತ್ತು ಹಾರಿತು. ಹಗ್ಗ ಬಂಡೆಗೆ ಬಿಗಿದು ಕಿರ್ರೆಂದಿತು. ಕಂಬ ಒಂದಿಂಚೂ ವಾಲದೆ ಮೇಲೆದ್ದಿತು. ಇನ್ನು ನಾಲ್ಕು ಪೆಟ್ಟಿಗೆ ನೆಟ್ಟಗೆ ನಿಂತಿತು. ಗುಂಡಿಗೆ ಕಲ್ಲು ಮಣ್ಣು ತುಂಬಿ ಕುಟ್ಟಿ ಮುಗಿಸಿದರು.

ಮೊದಲು ಮಾತಾಡಿದವನು ದಪ್ಪಣ್ಣ. ಕಿತ್ತು ಬಿದ್ದಿದ್ದ ಗೂಟ ಆಗಷ್ಟೇ ಅವನ ಕಣ್ಣಿಗೆ ಬಿದ್ದಿತ್ತು. "ಅಯ್ಯೋ, ಇದು ಯಾವಾಗ..." ಎಂದವನು ದೊಪ್ಪನೆ ನೆಲಕ್ಕೆ ಕೂತ.

"ನೀನು ಕಂಬಕ್ಕಿಂತ ಭಾರ ಕಣೋ, ಗೂಟ ಏನು ಮಾಡೀತು?" ಎಂದ ರೇಡಿಯೊ, ತುಟಿಯ ರಕ್ತ ಉಗಿದು. ಅಷ್ಟು ಹೊತ್ತು ತಡೆದಿಟ್ಟ ನಗು ಇಳಿಜಾರಿನುದ್ದಕ್ಕೂ ಒಡೆಯಿತು.

ಮೇಡಂ ಕೈಯ ಕೆಸರನ್ನು ಬಂಡೆಗೆ ಒರೆಸಿದರು. ಚೀಲದಿಂದ ಕಾಗದ ತೆಗೆದು ನಾಲ್ಕು ಮಡಿಕೆ ಮಾಡಿ, ಎರಡಾಗಿ ಹರಿದರು. ಫೋನ್ ತೆಗೆದು ಸ್ಟೋರಿಗೆ ಮಾಡಿದರು. "ಹೌದು, ಆ ಕುರ್ಚಿಗೆ ಬೇರೆಯವರನ್ನ ನೋಡಿ. ಇಲ್ಲ, ಅವರು ಬರಲ್ಲ. ಅವರಿಗೆ ಇಲ್ಲಿ ಕೆಲಸ ಇದೆ."

ಫೋನ್ ಇಟ್ಟು ಮೇಸ್ತ್ರಿಯ ಕಡೆ ತಿರುಗಿದರು. ಅವರು ಆಗಲೇ ಅಲ್ಲಿರಲಿಲ್ಲ. ಇಪ್ಪತ್ತು ಗಜ ಮೇಲೆ, ಎಂಟನೆಯ ಗುಂಡಿಯ ಅಂಚಿನಲ್ಲಿ ಬಗ್ಗಿ ನಿಂತು ಒಳಗೆ ಹಾರೆ ಇಳಿಸಿ ನೋಡುತ್ತಿದ್ದರು. ಮೊಣಕಾಲಷ್ಟು ನೀರು ನಿಂತಿತ್ತು. ಕೈ ಬೀಸಿ, ಬಕೆಟ್ ತರುವಂತೆ ರೇಡಿಯೊಗೆ ಸನ್ನೆ ಮಾಡಿದರು.